ಒಂದು ದಿನಕ್ಕೆ ಮೂರು ಬೆಟ್ಟದೂರು ಬೇಡ, ಓರ್ವಿಯೆಟೊ ಒಂದೇ ಸಾಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣೀಲಿ ಇಟಲಿ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಬರೆದೋರ ಉತ್ಸಾಹಾನೂ ಮೆಚ್ಚಬೇಕಾದ್ದೇ. ಆದ್ರೆ ಬೆಳಗ್ಗೆ ರೋಮ್‌ನಲ್ಲಿ ಬಾಡಿಗೆ ಕಾರ್ ತಗೊಂಡು ಓರ್ವಿಯೆಟೊ ನೋಡಿ, ಅಲ್ಲಿಂದ ಚಿವಿತಾ ದಿ ಬಾನ್ಯೊರೆಜಿಯೊ ಮುಗಿಸ್ಕೊಂಡು, ಸಂಜೆ ಅಸ್ಸೀಸಿಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್ ರೋಮ್‌ಗೆ ಬರ್ಬಹುದು ಅಂತ ಬರ್ದಿದ್ದಾರಲ್ಲ, ಅದನ್ನ ಓದಿದ್ಮೇಲೆ ಸುಮ್ನೆ ಇರೋಕಾಗ್ಲಿಲ್ಲ. ಲೆಕ್ಕ ಹಾಕಿ ನೋಡಿ, ಬರೀ ರಸ್ತೇನೇ ನಾನೂರು ಕಿಲೋಮೀಟರ್ ದಾಟತ್ತೆ. ಇನ್ನು ಊರು ನೋಡೋದ್ಯಾವಾಗ, ಪಾರ್ಕಿಂಗ್ ಹುಡುಕೋದ್ಯಾವಾಗ, ಮನೇಲಿ ವಯಸ್ಸಾದೋರು ಜೊತೆಗಿದ್ರೆ ಅವ್ರು ಒಂದ್ಕಡೆ ಕೂತು ನೀರು ಕುಡಿಯೋದ್ಯಾವಾಗ?

ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ಮಗಳು ಓದೋಕೆ ಅಂತ ರೋಮ್‌ನಲ್ಲಿರೋದ್ರಿಂದ ಆ ಕಡೆ ಓಡಾಟ ಸ್ವಲ್ಪ ಗೊತ್ತು. ಈಗ ನಮ್ಮೂರಲ್ಲೂ ಮಕ್ಕಳು ಯುರೋಪಲ್ಲಿದ್ದಾರೆ ಅಂತ ಹೋಗಿ ಬರೋ ಅಪ್ಪ ಅಮ್ಮಂದ್ರು ಎಷ್ಟೋ ಜನ ಇದ್ದಾರೆ, ಅವ್ರೆಲ್ಲ ನಿಮ್ಮ ಪೇಪರ್ ಓದೋರೇ, ಲೇಖನ ಕತ್ತರಿಸಿ ಫೈಲಲ್ಲಿ ಇಟ್ಕೊಂಡು ಹೋಗೋರೂ ಇದ್ದಾರೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ನನ್ನ ಮಾತು ಇಷ್ಟೇ: ರೋಮ್‌ನಲ್ಲಿದ್ದಾಗ ಬೆಟ್ಟದ ಊರು ನೋಡೋಕೆ ಒಂದು ದಿನ ಇದ್ರೆ ಒಂದೇ ಊರು ಇಟ್ಕೊಳ್ಳಿ, ಅದು ಓರ್ವಿಯೆಟೊ ಆಗ್ಲಿ, ಮತ್ತೆ ಕಾರು ಬೇಡ, ರೈಲಲ್ಲಿ ಹೋಗಿ.

ಕಾರ್ ಯಾಕೆ ಬೇಡ ಅಂತೀನಿ ಅಂದ್ರೆ, ಮೊದ್ಲನೇದು ನಮ್ಮ ಲೈಸೆನ್ಸ್ ಒಂದೇ ಸಾಲಲ್ಲ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಅದನ್ನ ಇಲ್ಲಿಂದಾನೇ ಆರ್‌ಟಿಓದಲ್ಲಿ ಮಾಡಿಸ್ಕೊಂಡು ಹೋಗ್ಬೇಕು. ಲೇಖನದಲ್ಲಿ ಇದರ ಸುದ್ದೀನೇ ಇಲ್ಲ. ಎರಡನೇದು ಅಲ್ಲಿನ ಹಳೇ ಊರುಗಳ ಒಳಗೆ ಎಲ್ಲಾ ಗಾಡಿ ಬಿಡಲ್ಲ, ಜಡ್‌ಟಿಎಲ್ ಅಂತ ಬೋರ್ಡ್ ಹಾಕಿರ್ತಾರೆ, ಅಂದ್ರೆ ಪರ್ಮಿಟ್ ಇರೋ ಗಾಡಿಗೆ ಮಾತ್ರ ಪ್ರವೇಶ, ಪೊಲೀಸ್ ಯಾರೂ ನಿಂತಿರಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದ್ಕೊಳ್ಳತ್ತೆ. ನೀವು ಆರಾಮಾಗಿ ಊರಿಗೆ ವಾಪಸ್ ಬಂದು ಎಷ್ಟೋ ತಿಂಗಳಾದ್ಮೇಲೆ ಬಾಡಿಗೆ ಕಾರ್ ಕಂಪನಿ ಮೂಲಕ ದಂಡದ ಕಾಗದ ಬರತ್ತೆ, ಕಂಪನಿಯೋರು ತಮ್ಮ ಸರ್ವಿಸ್ ಚಾರ್ಜನ್ನ ಬೇರೆ ಕಾರ್ಡಲ್ಲಿ ಕಟ್ ಮಾಡ್ಕೊಂಡಿರ್ತಾರೆ. ಗೊತ್ತಿರೋ ಊರಲ್ಲೇ ಒನ್ ವೇ ತಪ್ಪಿಸ್ಕೊಳ್ಳೋದು ಕಷ್ಟ, ಇನ್ನು ರಸ್ತೆ ಬಲಗಡೆ ಓಡಿಸೋ ದೇಶದಲ್ಲಿ, ಗೊತ್ತಿಲ್ಲದ ಭಾಷೆಯ ಬೋರ್ಡ್ ಓದ್ಕೊಂಡು ಯಾಕೆ ಈ ಸಾಹಸ?

ರೈಲಾದ್ರೆ ತೊಂದ್ರೇನೇ ಇಲ್ಲ. ರೋಮ್‌ನ ಮುಖ್ಯ ಸ್ಟೇಷನ್ ರೋಮಾ ತೆರ್ಮಿನಿಯಿಂದ ಫ್ಲಾರೆನ್ಸ್ ಕಡೆ ಹೋಗೋ ಹಳೇ ಲೈನಲ್ಲಿ ಓರ್ವಿಯೆಟೊ ಬರತ್ತೆ, ರೀಜನಲ್ ರೈಲಲ್ಲಿ ಸುಮಾರು ಒಂದೂಕಾಲು ಗಂಟೆ, ಇಂಟರ್‌ಸಿಟಿ ಸಿಕ್ರೆ ಇನ್ನೂ ಸ್ವಲ್ಪ ಬೇಗ. ರೀಜನಲ್ ಟಿಕೆಟ್ ಹತ್ತು ಯೂರೋ ಆಸುಪಾಸು, ಅದರ ರೇಟು ಫಿಕ್ಸ್, ತಿಂಗಳು ಮುಂಚೆ ತಗೊಂಡ್ರೂ ಅಷ್ಟೇ, ಅವತ್ತೇ ತಗೊಂಡ್ರೂ ಅಷ್ಟೇ, ಹಾಗಾಗಿ ಬೆಂಗಳೂರಲ್ಲಿ ಕೂತು ಬುಕ್ ಮಾಡೋ ಅವಸರ ಏನಿಲ್ಲ. ಆದ್ರೆ ಮೂರು ವಿಷಯ ನೆನಪಿಟ್ಕೊಳ್ಳಿ. ಕಾಗದದ ಟಿಕೆಟ್ ಆದ್ರೆ ರೈಲು ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಪುಟ್ಟ ಮಷೀನಿಗೆ ಹಾಕಿ ಸೀಲ್ ಹೊಡೆಸ್ಕೋಬೇಕು, ಇಲ್ಲಾಂದ್ರೆ ಟಿಕೆಟ್ ಕೈಲಿದ್ರೂ ದಂಡ, ಮೊಬೈಲಲ್ಲಿ ತಗೊಂಡಿದ್ರೆ ಹತ್ತೋ ಮುಂಚೆ ಅದರಲ್ಲೇ ಚೆಕ್ ಇನ್ ಒತ್ತಬೇಕು. ಎರಡನೇದು, ಬೋರ್ಡಲ್ಲಿ ಓರ್ವಿಯೆಟೊ ಅಂತ ಹುಡುಕ್ತಾ ನಿಂತ್ಕೋಬೇಡಿ, ಅದರಲ್ಲಿ ಎದ್ದು ಕಾಣೋದು ಕೊನೇ ಸ್ಟೇಷನ್ ಹೆಸರು, ಫಿರೆಂಜೆ (ಫ್ಲಾರೆನ್ಸ್‌ಗೆ ಅಲ್ಲಿ ಹಾಗಂತಾರೆ) ಅಂತಾನೋ ಇನ್ನೇನೋ, ಹಾಗಾಗಿ ರೈಲಿನ ನಂಬರ್ ಮತ್ತು ಹೊರಡೋ ಟೈಮ್ ನೋಡಿ. ಮೂರನೇದು ಯಾರೂ ಹೇಳಲ್ಲ, ತೆರ್ಮಿನೀಲಿ ಪ್ಲಾಟ್‌ಫಾರ್ಮ್ ನಂಬರ್ ಪಕ್ಕ ಎಸ್ಟ್ ಅಂತ ಬಂದ್ರೆ ಅದು ಸ್ಟೇಷನ್‌ನ ಆ ತುದೀಲಿರತ್ತೆ, ಹತ್ತು ನಿಮಿಷ ನಡಿಗೆ, ಮಂಡಿ ನೋವಿರೋರು ಜೊತೆಗಿದ್ರೆ ಇನ್ನೂ ಜಾಸ್ತಿ. ಅರ್ಧ ಗಂಟೆ ಮುಂಚೇನೇ ಹೋಗಿ.

ಮುಷ್ಕರದ ವಿಷಯಾನೂ ಹೇಳ್ಬಿಡ್ತೀನಿ. ಇಟಲೀಲಿ ರೈಲು ಮುಷ್ಕರ ಅಪರೂಪ ಏನಲ್ಲ, ಅವ್ರು ಷೋಪೆರೊ ಅಂತಾರೆ, ಆದ್ರೆ ದಿಢೀರ್ ಅಂತ ಮಾಡಲ್ಲ, ಮುಂಚೇನೇ ತಾರೀಖು ಹೇಳಿರ್ತಾರೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9 ಮತ್ತೆ ಸಂಜೆ 6ರಿಂದ 9 ಗಂಟೆ ಒಳಗೆ ಮುಖ್ಯವಾದ ರೀಜನಲ್ ರೈಲುಗಳನ್ನ ಓಡಿಸ್ಲೇಬೇಕು ಅಂತ ನಿಯಮ ಇದೆ. ಅದನ್ನ ನಂಬ್ಕೊಂಡು ಹೋಗೋ ಧೈರ್ಯ ನನಗಂತೂ ಇಲ್ಲ, ಆ ದಿನ ರೋಮ್‌ನಲ್ಲೇ ಇದ್ದು ಬೆಟ್ಟದೂರನ್ನ ನಾಳೆಗೆ ಹಾಕೋದು ವಾಸಿ.

ಇನ್ನು ಊರಿಗೆ ಬರೋಣ. ಓರ್ವಿಯೆಟೊ ಇರೋದು ಉಂಬ್ರಿಯಾ ಪ್ರಾಂತ್ಯದಲ್ಲಿ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ತುಫೋ ಅನ್ನೋ ಕಲ್ಲಿನ ದೊಡ್ಡ ದಿಬ್ಬದ ಮೇಲೆ. ಸುತ್ತಲೂ ನೆಟ್ಟಗೆ ಕಡಿದು ಹಾಕ್ದಂಗಿರೋ ಬಂಡೆ ಗೋಡೆ, ಮೇಲೆ ಚಪ್ಪಟೆ, ಕೋಟೆ ಕಟ್ಟೋ ಅಗತ್ಯಾನೇ ಇಲ್ಲ ಅನ್ನಿಸೋ ಜಾಗ. ರೋಮನ್ನರಿಗಿಂತ ಮುಂಚಿನ ಎಟ್ರಸ್ಕನ್ ಜನರ ಊರು ಇದು, ಅವ್ರು ವೆಲ್ಜ್ನಾ ಅಂತಿದ್ರು, ಕ್ರಿ.ಪೂ. 264ರಲ್ಲಿ ರೋಮನ್ನರು ಬಂದು ಹಾಳು ಮಾಡಿ ಉಳಿದ ಜನರನ್ನ ಬೇರೆ ಕಡೆಗೆ ಎತ್ತಂಗಡಿ ಮಾಡಿದ್ರು. ಆಮೇಲೆ ಮಧ್ಯಯುಗದಲ್ಲಿ ಮತ್ತೆ ಊರು ಬೆಳೀತು, ಪೋಪ್‌ಗಳಿಗೆ ರೋಮ್‌ನಲ್ಲಿ ಕಷ್ಟ ಬಂದಾಗ ಬಂದು ಉಳ್ಕೊಳ್ಳೋ ಜಾಗ ಆಯ್ತು.

ರೈಲ್ವೆ ಸ್ಟೇಷನ್ ಇರೋದು ದಿಬ್ಬದ ಕೆಳಗೆ. ಸ್ಟೇಷನ್ ಹೊರಗೆ ಬಂದ್ರೆ ಎದುರುಗಡೇನೇ ಫ್ಯುನಿಕ್ಯುಲರ್ ಅಂತ ಕೇಬಲ್ ಎಳೆಯೋ ಪುಟ್ಟ ಬೆಟ್ಟದ ರೈಲಿದೆ. ಹತ್ತು ಹದಿನೈದು ನಿಮಿಷಕ್ಕೊಂದು ಬಿಡ್ತಾರೆ, ಕೆಲವೇ ನಿಮಿಷದಲ್ಲಿ ಮೇಲೆ ಪಿಯಾಜಾ ಕಾಹೆನ್ ಅನ್ನೋ ಚೌಕಕ್ಕೆ ತಂದು ಬಿಡತ್ತೆ. 1888ರಲ್ಲಿ ಶುರುವಾದಾಗ ಇದು ನೀರಿನ ತೂಕದಲ್ಲೇ ಓಡ್ತಿತ್ತಂತೆ: ಮೇಲಿನ ಬೋಗಿಯ ಟ್ಯಾಂಕಿಗೆ ನೀರು ತುಂಬಿದ್ರೆ ಅದು ಭಾರಕ್ಕೆ ಇಳಿಯೋದು, ಇಳೀತಾ ಕೆಳಗಿನ ಬೋಗೀನ ಮೇಲಕ್ಕೆ ಎಳೆಯೋದು. 1970ರಲ್ಲಿ ನಿಲ್ಲಿಸಿ, ಕರೆಂಟಿಗೆ ಬದಲಾಯಿಸಿ 1990ರಲ್ಲಿ ಮತ್ತೆ ಬಿಟ್ರು. ಟಿಕೆಟ್ ಇಟ್ಕೊಂಡಿರಿ, ಮೇಲೆ ಇಳಿದ ಮೇಲೆ ಊರಿನ ದೊಡ್ಡ ಚರ್ಚ್ ಹತ್ರ ಹೋಗೋ ಪುಟ್ಟ ಬಸ್ಸಿಗೂ ಅದೇ ನಡೆಯತ್ತೆ. ನಡೆಯೋಕಾಗೋರು ಕೊರ್ಸೊ ಕಾವೂರ್ ಅನ್ನೋ ಮುಖ್ಯ ಬೀದಿ ಹಿಡ್ಕೊಂಡು ಅಂಗಡಿ ನೋಡ್ತಾ ಹೋಗ್ಬಹುದು.

ಬಸ್ ಹತ್ತೋ ಮುಂಚೆ, ಅಲ್ಲೇ ಇಳಿದ ಜಾಗದ ಪಕ್ಕದಲ್ಲೇ ಸಂತ ಪ್ಯಾಟ್ರಿಕ್‌ನ ಬಾವಿ ಇದೆ, ಅದನ್ನ ಬೆಳಗ್ಗೇನೇ ಮುಗಿಸ್ಕೊಳ್ಳಿ. ನನ್ನ ಕೇಳಿದ್ರೆ ಚರ್ಚಿಗಿಂತ ಒಂದು ಕೈ ಮೇಲೇ ಇದು, ಯಜಮಾನ್ರು ಒಪ್ಪಲ್ಲ, ಇರ್ಲಿ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ಸಂಬಳ ಸಿಗದೆ ರೊಚ್ಚಿಗೆದ್ದು ರೋಮನ್ನ ಲೂಟಿ ಮಾಡ್ತು, ಪೋಪ್ ಏಳನೇ ಕ್ಲೆಮೆಂಟ್ ತಿಂಗಳುಗಟ್ಲೆ ಸಂತ್ ಆಂಜೆಲೊ ಕೋಟೇಲಿ ಸಿಕ್ಕಾಕೊಂಡಿದ್ದು ಆ ವರ್ಷದ ಡಿಸೆಂಬರಲ್ಲಿ ವೇಷ ಬದಲಾಯಿಸಿ ತಪ್ಪಿಸ್ಕೊಂಡು ಇಲ್ಲಿಗೆ ಬಂದ. (ಇಂಗ್ಲೆಂಡಿನ ಎಂಟನೇ ಹೆನ್ರಿ ತನ್ನ ಮದುವೆ ರದ್ದು ಮಾಡ್ಸೋಕೆ ಕಳಿಸಿದ ದೂತರು ಈ ಪೋಪನ್ನ 1528ರಲ್ಲಿ ಭೇಟಿ ಮಾಡಿದ್ದು ಈ ಊರಲ್ಲೇ, ಪಾಠ ಮಾಡುವಾಗ ಆ ಕತೆ ಎಷ್ಟು ಸಲ ಹೇಳಿದೀನೋ, ಊರು ಯಾವ್ದು ಅಂತ ಯಾವ ಮಗುವೂ ಕೇಳಿರ್ಲಿಲ್ಲ.) ಶತ್ರು ಬಂದು ಇಲ್ಲೂ ಮುತ್ತಿಗೆ ಹಾಕಿದ್ರೆ ದಿಬ್ಬದ ಮೇಲೆ ನೀರಿಗೇನು ಗತಿ ಅಂತ ಭಯ ಬಿದ್ದು ಆಂಟೋನಿಯೊ ದ ಸಾಂಗಾಲ್ಲೊ ಅನ್ನೋ ವಾಸ್ತುಶಿಲ್ಪಿಗೆ ಬಾವಿ ತೋಡು ಅಂದ. ಸುಮಾರು 53 ಮೀಟರ್ ಆಳ, 13 ಮೀಟರ್ ಅಗಲ, ಮುಗಿದಿದ್ದು 1537ರಲ್ಲಿ, ಅಷ್ಟೊತ್ತಿಗೆ ತೋಡಿಸಿದ ಪೋಪ್ ಸತ್ತು ಮೂರು ವರ್ಷ ಆಗಿತ್ತು.

ಆ ಬಾವಿಯ ಚಮತ್ಕಾರ ಮೆಟ್ಟಿಲಲ್ಲಿದೆ. ನಮ್ಮ ಲಕ್ಕುಂಡಿಯ ಮುಸುಕಿನ ಬಾವೀಲಿ ಇಳಿದ ಮೆಟ್ಟಿಲಲ್ಲೇ ಹತ್ತಿ ಬರ್ತೀವಿ, ಇಲ್ಲಿ ಹಂಗಲ್ಲ, ಬಾವಿ ಗೋಡೆ ಸುತ್ತ ಒಂದರ ಮೇಲೊಂದು ಸುತ್ಕೊಂಡಿರೋ ಎರಡು ಬೇರೆ ಬೇರೆ ದಾರಿ, ಒಂದು ಇಳಿಯೋಕೆ, ಇನ್ನೊಂದು ಹತ್ತೋಕೆ, ತಳದಲ್ಲಿ ಒಂದು ಪುಟ್ಟ ಸೇತುವೆ ಎರಡನ್ನೂ ಸೇರಿಸತ್ತೆ. ನೀರು ಹೊರೋ ಹೇಸರಗತ್ತೆಗಳು ಎದುರುಬದುರು ಸಿಕ್ಕಾಕೋಬಾರದು ಅಂತ ಹಾಗೆ ಕಟ್ಟಿದ್ದು. ಮೆಟ್ಟಿಲೂ ಹೇಸರಗತ್ತೆ ಹೆಜ್ಜೆಗೆ ತಕ್ಕಂಗೆ ಅಗಲ, ಗಿಡ್ಡ, ಒಟ್ಟು 248. ಒಳಗಡೆ ಗೋಡೇಲಿ 70 ಕಿಟಕಿ ಇದೆ, ನೀವು ಇಳೀತಿದ್ರೆ ಎದುರಿನ ಕಿಟಕೀಲಿ ಹತ್ತೋರು ಕಾಣ್ತಾರೆ, ಕೈ ಬೀಸ್ಬಹುದು, ಆದ್ರೆ ದಾರೀಲಿ ಎಲ್ಲೂ ಎದುರಾಗಲ್ಲ. ಆ ಕಾಲದಲ್ಲಿ ಇದನ್ನ ಲೆಕ್ಕ ಹಾಕಿ ಬಂಡೆ ಒಳಗೆ ಕೂರಿಸಿದ್ದಾರಲ್ಲ, ಮೇಲಿಂದ ಬಗ್ಗಿ ನೋಡಿದ್ರೇ ತಲೆ ತಿರುಗತ್ತೆ. ಬೇಸಿಗೇಲೂ ಕೆಳಗೆ ತಣ್ಣಗಿರತ್ತೆ, ಒಂದು ಶಾಲು ಇರ್ಲಿ. ಮಂಡಿ, ಹಾರ್ಟ್ ಸಮಸ್ಯೆ ಇರೋರು ಇಳಿಯೋದು ಬೇಡ, ಪಕ್ಕದಲ್ಲೇ ಹಳೇ ಅಲ್ಬೊರ್ನೊಜ್ ಕೋಟೆಯ ತೋಟ ಇದೆ, ಬೆಂಚಿನ ಮೇಲೆ ಕೂತ್ಕೊಂಡ್ರೆ ಇಡೀ ಕಣಿವೆ ಕಾಣತ್ತೆ.

ಈಗ ಚರ್ಚು, ಅಂದ್ರೆ ಡುವೋಮೊ. ನಿಮ್ಮ ಲೇಖನದಲ್ಲಿ "ಅರ್ಧ ಗಂಟೆ ಸಾಕು" ಅಂತ ಬರ್ದಿದ್ದು ನೋಡಿ ನಿಜವಾಗ್ಲೂ ಬೇಜಾರಾಯ್ತು. 1290ರಲ್ಲಿ ಕೆಲಸ ಶುರುವಾಗಿ ಮೂರು ಶತಮಾನದಷ್ಟು ಹೊತ್ತು ಕಟ್ಟಿದ್ದಾರೆ, ಪಕ್ಕದ ಗೋಡೆಗಳೆಲ್ಲ ಕಪ್ಪು ಬಸಾಲ್ಟ್ ಕಲ್ಲು ಬಿಳಿ ಟ್ರಾವರ್ಟೀನ್ ಕಲ್ಲು ಪಟ್ಟೆಪಟ್ಟೆ. ಮುಂಭಾಗಕ್ಕೆ ರೂಪ ಕೊಟ್ಟೋನು ಲೊರೆಂಜೊ ಮೈತಾನಿ. ಎಲ್ರೂ ಮೇಲಿನ ಬಂಗಾರದ ಮೊಸಾಯಿಕ್ ಫೋಟೋ ತೆಗೆದು ಒಳಗೆ ಹೋಗ್ಬಿಡ್ತಾರೆ, ಅವುಗಳಲ್ಲಿ ಬಹಳಷ್ಟು ಆಮೇಲಿನ ಕಾಲದಲ್ಲಿ ಮತ್ತೆ ಮಾಡಿದ್ದು. ಕಣ್ಣಿನ ಎತ್ತರಕ್ಕೆ ಬಾಗಿಲುಗಳ ಅಕ್ಕಪಕ್ಕ ಇರೋ ನಾಲ್ಕು ಅಗಲ ಕಂಬಗಳ ಮೇಲೆ ಕಲ್ಲಲ್ಲಿ ಕೆತ್ತಿರೋದನ್ನ ನೋಡಿ, ಎಡಗಡೆ ಕಂಬದಲ್ಲಿ ದೇವರು ಆದಾಮನ ಪಕ್ಕೆಯಿಂದ ಈವ್‌ಳನ್ನ ಸೃಷ್ಟಿ ಮಾಡೋದು, ಬಲಗಡೆ ಕೊನೇ ಕಂಬದಲ್ಲಿ ಅಂತಿಮ ತೀರ್ಪಿನ ದಿನ ನರಕಕ್ಕೆ ಬಿದ್ದೋರ ಗೋಳಾಟ.

ಒಳಗೆ ಬಲಗಡೆ ಇರೋ ಸಾನ್ ಬ್ರಿಜಿಯೊ ಚಾಪೆಲ್‌ಗೇ ಮುಕ್ಕಾಲು ಗಂಟೆ ಬೇಕು. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿ ಚಿತ್ರ ಶುರು ಮಾಡಿ ಅರ್ಧಕ್ಕೆ ಬಿಟ್ಟು ಹೋದ, ಐವತ್ತು ವರ್ಷ ಹಾಗೇ ಬಿದ್ದಿತ್ತು, ಆಮೇಲೆ 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಕೈಗೆ ಬಂತು. ಅವ್ನು ಗೋಡೆ ತುಂಬ ಪ್ರಳಯ ಕಾಲ ಬರೆದ: ಸತ್ತೋರು ನೆಲ ಸೀಳ್ಕೊಂಡು ಮೇಲೆ ಏಳ್ತಿದ್ದಾರೆ, ಕೆಲವ್ರು ಇನ್ನೂ ಬರೀ ಅಸ್ಥಿಪಂಜರ, ಕೆಲವ್ರಿಗೆ ಆಗ್ಲೇ ಮೈ ಬಂದಿದೆ, ಪಕ್ಕದ ಗೋಡೇಲಿ ಹಸಿರು ನೀಲಿ ಮೈಯ ದೆವ್ವಗಳು ಜನರನ್ನ ಹಿಡ್ಕೊಂಡು ತಿರುಚ್ತಿವೆ. ಮೈಕೆಲೇಂಜೆಲೊ ಈ ಕೆಲಸನ ಬಹಳ ಮೆಚ್ಚಿದ್ದ ಅಂತ ಆ ಕಾಲದ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ, ರೋಮ್‌ನಲ್ಲಿ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೇಂಜೆಲೊ ಬರೆದ ಅಂತಿಮ ತೀರ್ಪನ್ನ ನೋಡ್ಕೊಂಡು ಮಾರನೇ ದಿನ ಇಲ್ಲಿಗೆ ಬಂದ್ರೆ ಯಾಕೆ ಅಂತ ನಿಮಗೇ ಗೊತ್ತಾಗತ್ತೆ. ಕ್ರಿಸ್ತನ ವೇಷದಲ್ಲಿ ಸುಳ್ಳು ಬೋಧಕ ಭಾಷಣ ಮಾಡ್ತಿರೋ ಚಿತ್ರ ಇದೆ, ಅವನ ಕಿವೀಲಿ ಸೈತಾನ ಮಾತು ಹೇಳ್ಕೊಡ್ತಿದ್ದಾನೆ, ಆ ಚಿತ್ರದ ಎಡ ಮೂಲೇಲಿ ಕಪ್ಪು ಬಟ್ಟೆ ಹಾಕ್ಕೊಂಡು ನಿಂತು ನಮ್ಮನ್ನೇ ನೋಡ್ತಿರೋನು ಸಿನ್ಯೊರೆಲ್ಲೀನೇ, ಹಿಂದೆ ನಿಂತಿರೋದು ಫ್ರಾ ಆಂಜೆಲಿಕೊ. ಎದುರುಗಡೆ ಚಾಪೆಲ್‌ನಲ್ಲಿ 1263ರ ಬೊಲ್ಸೆನಾ ಪವಾಡದ್ದು (ಪೂಜೆಯ ರೊಟ್ಟಿಯಿಂದ ರಕ್ತ ಬಂತು ಅನ್ನೋ ಕತೆ) ಅಂತ ನಂಬೋ ರಕ್ತದ ಕಲೆಯ ಬಟ್ಟೆ ಇಟ್ಟಿದ್ದಾರೆ. ಮಾರನೇ ವರ್ಷ ಪೋಪ್ ನಾಲ್ಕನೇ ಅರ್ಬನ್ ಕಾರ್ಪಸ್ ಕ್ರಿಸ್ತಿ, ಅಂದ್ರೆ ಕ್ರಿಸ್ತನ ದೇಹದ ಹಬ್ಬ ಘೋಷಿಸಿದ್ದು ಈ ಊರಿಂದಾನೇ, ಈಗ್ಲೂ ಆ ಹಬ್ಬದಲ್ಲಿ ಹಳೇ ಕಾಲದ ವೇಷ ಹಾಕ್ಕೊಂಡು ದೊಡ್ಡ ಮೆರವಣಿಗೆ ಮಾಡ್ತಾರೆ.

ಪ್ಲಾನ್ ಮಾಡೋಕೆ ಮುಖ್ಯವಾದ್ದು ಏನಂದ್ರೆ ಭಾನುವಾರ ಬೆಳಗ್ಗೆ ಒಳಗೆ ಪೂಜೆ ನಡೀತಿರತ್ತೆ, ಟೂರಿಸ್ಟ್‌ಗಳನ್ನ ಮಧ್ಯಾಹ್ನದ ಮೇಲೇ ಬಿಡೋದು, ಚಳಿಗಾಲದಲ್ಲಿ ಟೈಮಿಂಗ್ ಇನ್ನೂ ಕಮ್ಮಿ. ಭುಜ, ಮೊಣಕಾಲು ಮುಚ್ಚಿರೋ ಬಟ್ಟೆ ಬೇಕು, ಚೂಡಿದಾರ್ ಸೀರೆಯೋರಿಗೆ ಚಿಂತೆ ಇಲ್ಲ, ಚಡ್ಡಿ ಹಾಕ್ಕೊಂಡು ಬರೋ ಗಂಡು ಮಕ್ಕಳಿಗೆ ಮುಂಚೇನೇ ಹೇಳಿ. ಮತ್ತೆ ಚರ್ಚಿನ ಮುಖ ಪಶ್ಚಿಮಕ್ಕಿರೋದ್ರಿಂದ ಬೆಳಗ್ಗೆ ನೆರಳಲ್ಲಿ ಮಂಕಾಗಿರತ್ತೆ, ಇಳಿಬಿಸಿಲು ಬಿದ್ರೇನೇ ಬಂಗಾರ ಹೊಳೆಯೋದು. ಅದಕ್ಕೇ ಒಳಗಡೆ ಬೆಳಗ್ಗೆ ನೋಡಿ, ಹೊರಗಡೆಯದನ್ನ ವಾಪಸ್ ಹೊರಡೋ ಮುಂಚೆ ಸಂಜೆಗೆ ಇಟ್ಕೊಳ್ಳಿ. ಮೂರು ಊರು ಓಡೋರಿಗೆ ಇದು ಸಿಗೋ ಮಾತೇ ಇಲ್ಲ.

ಊಟದ ಟೈಮೂ ನಮ್ಮಂಗಲ್ಲ. ಹನ್ನೆರಡೂವರೆಯಿಂದ ಎರಡೂವರೆ ಒಳಗೆ ಕೂತ್ರೆ ಊಟ, ಮೂರು ಗಂಟೆಗೆ ಹೋದ್ರೆ ಅಡುಗೆಮನೆ ಬಂದ್, ಮತ್ತೆ ತೆಗೆಯೋದು ರಾತ್ರಿ ಏಳೂವರೆಗೆ. ಸಸ್ಯಾಹಾರಿಗಳು ಉಂಬ್ರಿಕೆಲ್ಲಿ ಕೇಳಿ, ಹಿಟ್ಟು ನೀರಲ್ಲೇ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ ಥರದ ಪಾಸ್ತಾ, ಮೊಟ್ಟೆ ಹಾಕಲ್ಲ, ಟೊಮ್ಯಾಟೊ ಬೆಳ್ಳುಳ್ಳಿ ಸಾಸಲ್ಲಿ ಕೊಡ್ತಾರೆ, ಟ್ರಫಲ್ ಅಣಬೆ ಹಾಕಿದ್ದೂ ಇರತ್ತೆ. "ಸೆಂಜಾ ಕಾರ್ನೆ", ಅಂದ್ರೆ ಮಾಂಸ ಇಲ್ಲದ್ದು, ಅಂತ ಒಂದ್ಸಲ ಹೇಳಿ ಖಾತ್ರಿ ಮಾಡ್ಕೊಳ್ಳಿ, ಆ ಕಡೆ ಕಾಡುಹಂದಿ ಮಾಂಸದ ಸಾಸ್ ಬಹಳ ಫೇಮಸ್ಸು. ಬೇಕರೀಲಿ ಬಸವನಹುಳು ಸುತ್ತಿದಂಗೆ ಒಂದು ಬನ್ ಇರತ್ತೆ, ಲುಮಾಕೆಲ್ಲೆ ಅಂತ, ನೋಡೋಕೆ ಖಾರ ಬನ್ನೇ, ಆದ್ರೆ ಒಳಗೆ ಚೀಸ್ ಜೊತೆ ಹಂದಿ ಮಾಂಸದ ಚೂರು ಹಾಕಿರ್ತಾರೆ, ಹುಷಾರು. ಬಿಲ್ಲಲ್ಲಿ ಕೂತು ಊಟ ಮಾಡಿದ್ದಕ್ಕೆ ತಲೆಗಿಷ್ಟು ಅಂತ ಕೊಪೆರ್ತೊ ಅನ್ನೋ ಚಾರ್ಜು ಬರತ್ತೆ, ಅದು ಮೋಸ ಅಲ್ಲ, ಅಲ್ಲಿನ ಪದ್ಧತಿ, ಜಗಳ ಮಾಡ್ಬೇಡಿ.

ಊಟ ಆದ್ಮೇಲೆ ಅಂಗಡಿಗಳೂ ಬಾಗಿಲು ಹಾಕಿರ್ತವೆ, ಬೀದಿಯೆಲ್ಲ ಖಾಲಿ, ಎಷ್ಟೋ ಜನ ಆವಾಗ ಬೋರ್ ಆಯ್ತು ಅಂತ ರೈಲು ಹತ್ಬಿಡ್ತಾರೆ. ಆ ಹೊತ್ತಿಗೇ ನೆಲದಡಿಯ ಟೂರ್ ಇಟ್ಕೊಳ್ಳಿ. ದಿಬ್ಬದ ಒಳಗೆ ಸಾವಿರಕ್ಕೂ ಜಾಸ್ತಿ ಗುಹೆ ಇದಾವೆ, ಎಟ್ರಸ್ಕನ್ನರು ತೋಡಿದ ಸಣ್ಣ ಬಾವಿಗಳು, ಎಣ್ಣೆ ಗಾಣ, ಗೋಡೆ ತುಂಬ ಗೂಡು ಕೊರೆದು ಪಾರಿವಾಳ ಸಾಕ್ತಿದ್ದ ಕೋಣೆಗಳು, ಮುತ್ತಿಗೆ ಬಿದ್ದಾಗ ಅದೇ ಊಟ. ಇದು ಗೈಡ್ ಜೊತೆ ಮಾತ್ರ, ಟೈಮ್ ಫಿಕ್ಸ್ ಇರತ್ತೆ, ಡುವೋಮೊ ಎದುರಿನ ಟೂರಿಸ್ಟ್ ಆಫೀಸಲ್ಲಿ ಬೆಳಗ್ಗೇನೇ ಇಂಗ್ಲಿಷ್ ಟೂರಿಗೆ ಹೆಸರು ಕೊಟ್ಬಿಡಿ. ಇಷ್ಟೆಲ್ಲ ತೋಡಿದ್ದಕ್ಕೂ ಮೆತ್ತಗಿನ ಕಲ್ಲಿಗೂ ಸೇರಿ ದಿಬ್ಬದ ಅಂಚು ಕುಸಿಯೋಕೆ ಶುರುವಾಗಿ, 1978ರಲ್ಲಿ ಓರ್ವಿಯೆಟೊ ಮತ್ತು ತೋದಿ ಊರುಗಳ ಬಂಡೆ ಉಳಿಸೋಕೆ ಅಂತಾನೇ ಸರ್ಕಾರ ಕಾನೂನು ಮಾಡ್ತು. ಊರಿನ ಬುಡಾನೇ ಒಂದು ಸಮಸ್ಯೆ ಅನ್ನೋದು ಕೆಳಗಿಳಿದಾಗ್ಲೇ ಅರ್ಥ ಆಗೋದು.

ಚಿವಿತಾ ಬಗ್ಗೆ ಎರಡು ಮಾತು. ಚಂದ ಇಲ್ಲ ಅಂತ ಅಲ್ಲ, ಕುಸೀತಿರೋ ಗುಡ್ಡದ ತುದೀಲಿ ಒಂದು ಹಿಡಿ ಮನೆ, ಹೋಗೋಕೆ ಕಾಲು ಸೇತುವೆ ಒಂದೇ, ಕಾಯಂ ವಾಸ ಇರೋರು ಬೆರಳೆಣಿಕೆಯಷ್ಟು ಜನ, ಟೂರಿಸ್ಟ್‌ಗಳಿಗೆ ಪ್ರವೇಶ ಶುಲ್ಕಾನೂ ಇದೆ. ಆದ್ರೆ ಓರ್ವಿಯೆಟೊದಿಂದ ಬಾನ್ಯೊರೆಜಿಯೊಗೆ ಬಸ್ಸು ದಿನಕ್ಕೆ ಕೆಲವೇ ಟ್ರಿಪ್ಪು, ಭಾನುವಾರ ನಂಬ್ಕೊಂಡು ಹೊರಡ್ಬೇಡಿ, ಬಸ್ ಇಳಿದ ಮೇಲೂ ಒಳ್ಳೇ ನಡಿಗೆ ಇದೆ, ಆ ಸೇತುವೆ ಏರೂ ಕಮ್ಮಿ ಏನಿಲ್ಲ. ಗಟ್ಟಿಮುಟ್ಟಾದ ಹುಡುಗರು ಬಾವಿನೋ ಗುಹೆನೋ ಒಂದು ಬಿಟ್ಟು ಹೋಗ್ಬಹುದು, ನಮ್ಮ ವಯಸ್ಸಿನೋರಿಗೆ ಹೇಳಲ್ಲ. ಅಸ್ಸೀಸಿಯಂತೂ ಬೇರೆ ದಿಕ್ಕು, ರೋಮ್‌ನಿಂದ ರೈಲಲ್ಲೇ ಎರಡು ಗಂಟೆ ಮೇಲಾಗತ್ತೆ, ಸಂತ ಫ್ರಾನ್ಸಿಸ್‌ನ ಬಸಿಲಿಕಾಕ್ಕೇ ಅರ್ಧ ದಿನ ಬೇಕು. ಅದಕ್ಕೆ ಬೇರೆ ದಿನ ಇಟ್ಕೊಳ್ಳಿ, ಆಗ್ಲಿಲ್ವಾ, ಬಿಡಿ.

ವಾಪಸ್ ಬರೋ ರೈಲು ಕೊನೇದೇ ಇರ್ಲಿ ಅಂತ ಕೂರ್ಬೇಡಿ, ಅದಕ್ಕಿಂತ ಮುಂಚಿಂದಕ್ಕೆ ಪ್ಲಾನ್ ಮಾಡಿ. ಫ್ಯುನಿಕ್ಯುಲರ್ ರಾತ್ರಿ ಎಷ್ಟೊತ್ತಿನ ತನಕ ಇರತ್ತೆ ಅಂತ ಮೇಲೆ ಹೋಗೋವಾಗ್ಲೇ ಬೋರ್ಡ್ ನೋಡ್ಕೊಂಡಿರಿ, ಯಾಕಂದ್ರೆ ಕತ್ತಲಲ್ಲಿ ಕೆಳಗೆ ನಡ್ಕೊಂಡು ಬರೋದು ಸುಲಭ ಇಲ್ಲ.

ಕೊನೇದಾಗಿ ಒಂದು ವಿನಂತಿ. ಲೇಖನದ ಜೊತೆ ಹಾಕಿದ್ದ ನಕ್ಷೇಲಿ ರೈಲ್ವೆ ಸ್ಟೇಷನ್‌ನ ಡುವೋಮೊ ಪಕ್ಕದಲ್ಲೇ ತೋರಿಸಿದ್ದೀರಿ. ಸ್ಟೇಷನ್ ಕೆಳಗಿದೆ, ನಡುವೆ ನೂರೈವತ್ತು ಮೀಟರ್‌ಗೂ ಜಾಸ್ತಿ ಎತ್ತರ ಇದೆ. ಅದನ್ನೂ, ಭಾನುವಾರದ ಚರ್ಚ್ ಟೈಮನ್ನೂ, ಡ್ರೈವಿಂಗ್ ಪರ್ಮಿಟ್ ವಿಷಯಾನೂ ಮುಂದಿನ ಪುರವಣೀಲಿ ಒಂದು ಸಣ್ಣ ಬಾಕ್ಸಲ್ಲಾದ್ರೂ ತಿದ್ದಿ ಹಾಕಿ. ಬೇಸಿಗೆ ರಜೆಗೆ ಟಿಕೆಟ್ ಮಾಡಿಸಿರೋರು ಈಗ್ಲೇ ಪ್ಲಾನ್ ಹಾಕ್ತಾ ಕೂತಿರ್ತಾರೆ.

ಇಂತಿ,
ನಿಮ್ಮ ಹಳೇ ಓದುಗಳು, ನಿವೃತ್ತ ಶಿಕ್ಷಕಿ
ಶಿವಮೊಗ್ಗ